ಜೇನ್ ಏರ್‌ಳನ್ನು ಸೃಷ್ಟಿಸಿದ ಷಾರ್ಲೆಟ್ ಬ್ರಾಂಟೆ

ದೊಡ್ಡ ಬಂಗಲೆ, ದಿಕ್ಕಿಲ್ಲದ ಹುಡುಗಿ, ಮುಖ ಗಂಟಿಕ್ಕಿಕೊಂಡ ಶ್ರೀಮಂತ ಯಜಮಾನ, ರಾತ್ರಿ ಮೇಲಿನ ಅಂತಸ್ತಿನಿಂದ ಕೇಳಿಬರುವ ನಗು. ಇಂಥ ಕಥೆಗಳನ್ನು ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದದವರು ನಮ್ಮಲ್ಲಿ ಕಡಿಮೆ. ದಿಲೀಪ್ ಕುಮಾರ್ ಮತ್ತು ಮಧುಬಾಲಾ ನಟಿಸಿದ 1952ರ ಹಿಂದಿ ಚಿತ್ರ ‘ಸಂಗ್‌ದಿಲ್’ಗೂ ಇಂಥದೊಂದು ಕಥೆಯೇ ಆಧಾರ. ಆ ಕಥೆ 1847ರಲ್ಲಿ ಹೊರಬಂದ ‘ಜೇನ್ ಏರ್’ ಎಂಬ ಇಂಗ್ಲಿಷ್ ಕಾದಂಬರಿ. ಬರೆದವಳು ಷಾರ್ಲೆಟ್ ಬ್ರಾಂಟೆ.

ಪ್ರೇಮ, ಅಪಾಯ, ರಹಸ್ಯಗಳ ಕಾದಂಬರಿ ಅವಳಿಂದಲೇ ಶುರುವಾಯಿತು ಅಂತಲ್ಲ. ಆ್ಯನ್ ರ‍್ಯಾಡ್‌ಕ್ಲಿಫ್ ಎಂಬ ಲೇಖಕಿ 1794ರಲ್ಲೇ ಅಂಥದನ್ನು ಬರೆದು ಹೆಸರು ಮಾಡಿದ್ದಳು. ಆದರೆ ಅವಳ ನಾಯಕಿ ಒಳ್ಳೇ ಮನೆತನದವಳು. ಪಾಳುಕೋಟೆಯಲ್ಲಿ ಸಿಕ್ಕಿಹಾಕಿಕೊಂಡು ಮೂರ್ಛೆ ಹೋಗುವವಳು. ಷಾರ್ಲೆಟ್‌ಳ ನಾಯಕಿ ಬಂಗಲೆಗೆ ಬರುವುದು ನೌಕರಿಗೆ. ಸಂಬಳ ವರ್ಷಕ್ಕೆ 30 ಪೌಂಡು. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದಕ್ಕೆ ಷಾರ್ಲೆಟ್‌ಳ ಬದುಕನ್ನೇ ನೋಡಬೇಕು.

ಅವಳು ಹುಟ್ಟಿದ್ದು 1816ರ ಏಪ್ರಿಲ್ 21ರಂದು, ಯಾರ್ಕ್‌ಷೈರಿನ ಥಾರ್ನ್‌ಟನ್ ಎಂಬಲ್ಲಿ. ತಂದೆ ಪ್ಯಾಟ್ರಿಕ್, ಐರ್ಲೆಂಡಿನ ಬಡ ಮನೆಯಿಂದ ಬಂದು ಓದಿ ಪಾದ್ರಿಯಾದವನು. ಆರು ಮಕ್ಕಳಲ್ಲಿ ಇವಳು ಮೂರನೆಯವಳು. 1820ರಲ್ಲಿ ಸಂಸಾರ ಹಾವರ್ತ್ ಎಂಬ ಗುಡ್ಡಗಾಡಿನ ಊರಿಗೆ ಬಂತು. ಮರುವರ್ಷವೇ ತಾಯಿ ತೀರಿಕೊಂಡಳು. ಚಿಕ್ಕವರನ್ನು ನೋಡಿಕೊಳ್ಳಲು ತಾಯಿಯ ಅಕ್ಕ ಬಂದು ನಿಂತಳು. 1824ರಲ್ಲಿ ನಾಲ್ವರು ಹುಡುಗಿಯರನ್ನು ಪಾದ್ರಿಗಳ ಹೆಣ್ಣುಮಕ್ಕಳ ವಸತಿಶಾಲೆಗೆ ಸೇರಿಸಿದರು. ಕೆಟ್ಟ ಊಟ, ಚಳಿ. ದೊಡ್ಡ ಅಕ್ಕಂದಿರಾದ ಮರಿಯಾ ಮತ್ತು ಎಲಿಜಬೆತ್ ಕ್ಷಯ ಹತ್ತಿ 1825ರಲ್ಲಿ ಸತ್ತರು. ಒಬ್ಬಳಿಗೆ 11, ಇನ್ನೊಬ್ಬಳಿಗೆ 10. ‘ಜೇನ್ ಏರ್’ನಲ್ಲಿ ಬರುವ ಶಾಲೆ, ಅಲ್ಲಿ ಸಾಯುವ ಹುಡುಗಿ, ಎರಡೂ ಕಟ್ಟುಕಥೆಯಲ್ಲ ಅಂದ ಹಾಗಾಯಿತು.

ಉಳಿದ ನಾಲ್ವರು ಷಾರ್ಲೆಟ್, ಬ್ರಾನ್‌ವೆಲ್, ಎಮಿಲಿ ಮತ್ತು ಆ್ಯನ್. 1826ರಲ್ಲಿ ತಂದೆ ಮಗನಿಗೆ ಮರದ ಸಿಪಾಯಿಗಳ ಆಟಿಕೆ ತಂದುಕೊಟ್ಟ. ಮಕ್ಕಳು ಅವುಗಳಿಗೆ ಹೆಸರಿಟ್ಟು, ದೇಶ ಕಟ್ಟಿ, ಅಂಗೈಗಿಂತ ಚಿಕ್ಕ ಪುಸ್ತಕಗಳಲ್ಲಿ ಇರುವೆಯಂಥ ಅಕ್ಷರದಲ್ಲಿ ಕಥೆ ಬರೆಯತೊಡಗಿದರು. ಬರವಣಿಗೆಯ ಗೀಳು ಹತ್ತಿದ್ದು ಹೀಗೆ.

20ರ ವಯಸ್ಸಿನಲ್ಲಿ, ಅಂದರೆ ನಮ್ಮ ವಯಸ್ಸಿನಲ್ಲಿ, ಷಾರ್ಲೆಟ್ ತನ್ನ ಪದ್ಯಗಳನ್ನು ಆಸ್ಥಾನಕವಿ ರಾಬರ್ಟ್ ಸದಿಗೆ ಕಳಿಸಿದಳು. 1837ರಲ್ಲಿ ಉತ್ತರ ಬಂತು. ಸಾಹಿತ್ಯ ಹೆಂಗಸಿನ ಜೀವನದ ಉದ್ಯೋಗ ಆಗಲಾರದು ಎಂಬುದು ಅದರ ಸಾರಾಂಶ. ಅವಳು ವಿನಯದಿಂದ ಮರುಪತ್ರ ಬರೆದಳು. ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಹೊಟ್ಟೆಪಾಡಿಗೆ ಇದ್ದ ದಾರಿ ಒಂದೇ: ಗವರ್ನೆಸ್ ಕೆಲಸ. ಶ್ರೀಮಂತರ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳಬೇಕು, ಬಟ್ಟೆಯನ್ನೂ ಹೊಲಿಯಬೇಕು. ಮನೆಯವರ ಜೊತೆಗೂ ಸೇರುವ ಹಾಗಿಲ್ಲ, ಆಳುಗಳ ಜೊತೆಗೂ ಸೇರುವ ಹಾಗಿಲ್ಲ. 1841ರಲ್ಲಿ ಅವಳ ಸಂಬಳ ವರ್ಷಕ್ಕೆ 20 ಪೌಂಡು. ಬಟ್ಟೆ ಒಗೆಸಿದ ಖರ್ಚು ಕಳೆದರೆ ಕೈಗೆ ಸಿಗುತ್ತಿದ್ದದ್ದು ಸುಮಾರು 16.

1842ರಲ್ಲಿ ಎಮಿಲಿಯ ಜೊತೆ ಫ್ರೆಂಚ್ ಕಲಿಯಲು ಬ್ರಸೆಲ್ಸಿಗೆ ಹೋದಳು. ಅಲ್ಲಿನ ಮೇಷ್ಟ್ರು ಹೆಗೆರ್ ಮೇಲೆ ಅವಳಿಗೆ ಮನಸ್ಸಾಯಿತು. ಅವನೋ ಮದುವೆಯಾಗಿ ಮಕ್ಕಳಿದ್ದವನು. 1844ರಲ್ಲಿ ಊರಿಗೆ ಮರಳಿದ ಮೇಲೂ ಕಾಗದ ಬರೆದಳು. ಉತ್ತರಕ್ಕೆ ಕಾದು ಸೋತಳು. ಅವನು ಹರಿದೆಸೆದ ಕಾಗದಗಳನ್ನು ಅವನ ಹೆಂಡತಿಯೇ ಆಯ್ದು ದಾರದಿಂದ ಹೊಲಿದು ಜೋಪಾನ ಮಾಡಿದಳು. 1913ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಇದಕ್ಕಿಂತ ರಹಸ್ಯಮಯ ಕಾದಂಬರಿ ಬೇಕೇ?

ಮನೆಯಲ್ಲೇ ಶಾಲೆ ತೆರೆಯುತ್ತೇವೆ ಅಂತ ಅಕ್ಕತಂಗಿಯರು ಜಾಹೀರಾತು ಅಚ್ಚು ಹಾಕಿಸಿದರೆ ಒಂದು ಮಗುವೂ ಬರಲಿಲ್ಲ. ತೀರಿಹೋದ ದೊಡ್ಡಮ್ಮ ಬಿಟ್ಟ ಹಣವಿತ್ತು. ಅದರಲ್ಲಿ ರೈಲ್ವೆ ಷೇರು ಕೊಂಡರು. 1846ರಲ್ಲಿ ಸ್ವಂತ ಖರ್ಚಿನಿಂದ ಮೂವರ ಕವನ ಸಂಕಲನವನ್ನೂ ಹೊರತಂದರು. ಹೆಂಗಸರು ಅಂತ ಗೊತ್ತಾಗದಂತೆ ಕರರ್, ಎಲಿಸ್, ಆ್ಯಕ್ಟನ್ ಬೆಲ್ ಎಂಬ ಹೆಸರು ಇಟ್ಟುಕೊಂಡರು. ಮೊದಲ ವರ್ಷ ಮಾರಾಟವಾದ ಪ್ರತಿಗಳು ಎರಡು! ನಮ್ಮ ಸೈಕ್ಲೋಸ್ಟೈಲ್ ಪತ್ರಿಕೆಯೇ ವಾಸಿ.

ಅದೇ ಆಗಸ್ಟಿನಲ್ಲಿ ತಂದೆಯ ಕಣ್ಣಿನ ಪೊರೆ ತೆಗೆಸಲು ಷಾರ್ಲೆಟ್ ಮ್ಯಾಂಚೆಸ್ಟರಿಗೆ ಹೋದಳು. ಅರಿವಳಿಕೆ ಇನ್ನೂ ಬಂದಿರದ ಕಾಲ. ಮೊದಲ ಕಾದಂಬರಿಯನ್ನು ಪ್ರಕಾಶಕರು ವಾಪಸು ಕಳಿಸಿದ್ದರು. ಕತ್ತಲ ಕೋಣೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಂದೆ ಮಲಗಿದ್ದಾಗ ಅವಳು ‘ಜೇನ್ ಏರ್’ ಶುರುಮಾಡಿದಳು. ಕಥೆಯ ಕೊನೆಗೆ ನಾಯಕನೂ ಕುರುಡನಾಗುತ್ತಾನೆ, ನೆನಪಿಡಿ.

1847ರ ಅಕ್ಟೋಬರಿನಲ್ಲಿ ಸ್ಮಿತ್ ಎಲ್ಡರ್ ಕಂಪನಿ ಅದನ್ನು ಪ್ರಕಟಿಸಿತು. ಪುಸ್ತಕ ಭರದಿಂದ ಖರ್ಚಾಯಿತು. ಆ ಕಥೆಯನ್ನು ಒಮ್ಮೆ ಕಾಮರ್ಸಿನ ಕಣ್ಣಿನಿಂದ ನೋಡಿ. ಯಜಮಾನ ರಾಚೆಸ್ಟರ್ ಜೇನಳನ್ನು ಮದುವೆಯಾಗಲು ಚರ್ಚಿಗೆ ಕರೆತಂದ ದಿನವೇ, ಅವನ ಹುಚ್ಚುಹಿಡಿದ ಹೆಂಡತಿ ಬರ್ತಾ ಮೇಲಂತಸ್ತಿನಲ್ಲಿ ಬಂದಿಯಾಗಿದ್ದಾಳೆ ಎಂಬುದು ಬಯಲಾಗುತ್ತದೆ. ಜಮೈಕಾದ ಆ ಹೆಣ್ಣಿನ ಜೊತೆ ಬಂದ ವರದಕ್ಷಿಣೆ 30 ಸಾವಿರ ಪೌಂಡು. ಜೇನಳ ಸಂಬಳದ ಲೆಕ್ಕದಲ್ಲಿ 1000 ವರ್ಷದ ದುಡಿಮೆ! ಬಂಗಲೆಯ ದೆವ್ವದ ನಗುವಿನ ಹಿಂದೆ ಇದ್ದದ್ದು ಒಂದು ವರದಕ್ಷಿಣೆಯ ವ್ಯವಹಾರ. ಮದುವೆಯಿಲ್ಲದೆ ಜೊತೆಗಿರು ಅಂದಾಗ ಜೇನ್ ಕೈಯಲ್ಲಿ ಕಾಸಿಲ್ಲದಿದ್ದರೂ ಮನೆ ಬಿಟ್ಟು ಹೋಗುತ್ತಾಳೆ, ಹಸಿಯುತ್ತಾಳೆ. ಆಮೇಲೆ ಚಿಕ್ಕಪ್ಪನ 20 ಸಾವಿರ ಪೌಂಡು ಕೈಸೇರಿದಾಗ ಮೂವರು ಬಂಧುಗಳ ಜೊತೆ ಸಮನಾಗಿ ಹಂಚಿಕೊಳ್ಳುತ್ತಾಳೆ. ತನ್ನದೇ 5 ಸಾವಿರ ಇಟ್ಟುಕೊಂಡು, ಯಾರ ಹಂಗೂ ಇಲ್ಲದೆ, ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ಪಾಪದ ಬರ್ತಾಳ ಮಾತನ್ನು ಷಾರ್ಲೆಟ್ ಕೇಳಿಸಲಿಲ್ಲ. ಆ ಕೊರತೆಯನ್ನು 1966ರಲ್ಲಿ ಜೀನ್ ರಿಸ್ ತನ್ನ ಕಾದಂಬರಿಯೊಂದರಲ್ಲಿ ತುಂಬಿಕೊಟ್ಟಳು.

ಕೀರ್ತಿಯ ಬೆನ್ನಿಗೇ ಸಾವು ಬಂತು. 1848ರ ಸೆಪ್ಟೆಂಬರಿನಲ್ಲಿ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, 1849ರ ಮೇನಲ್ಲಿ ಆ್ಯನ್. ಮೂವರು ಕೂತು ಓದಿ ಚರ್ಚಿಸುತ್ತಿದ್ದ ಮೇಜಿನ ಬಳಿ ಅವಳೊಬ್ಬಳೇ ಉಳಿದಳು. ಆದರೂ ‘ಶರ್ಲಿ’ ಮುಗಿಸಿದಳು, 1853ರಲ್ಲಿ ‘ವಿಲೆಟ್’ ತಂದಳು. ಪ್ರಕಾಶನ ಸಂಸ್ಥೆಯ ಜೇಮ್ಸ್ ಟೇಲರ್ ಎಂಬಾತ ಅವಳನ್ನು ಮದುವೆಯಾಗಬೇಕೆಂದಿದ್ದ, ಅವಳಿಗೆ ಮನಸ್ಸಾಗಲಿಲ್ಲ. ಅವನು 1851ರಲ್ಲಿ ಕಂಪನಿ ಕೆಲಸದ ಮೇಲೆ ಬಂದದ್ದು ನಮ್ಮ ಈ ಮುಂಬಯಿಗೇ.

ಕೊನೆಗೆ 1854ರ ಜೂನ್ 29ರಂದು, ತಂದೆಯ ವಿರೋಧವನ್ನು ಗೆದ್ದು, ಅವನ ಕೈಕೆಳಗಿನ ಪಾದ್ರಿ ಆರ್ಥರ್ ನಿಕಲ್ಸ್‌ನ ಕೈ ಹಿಡಿದಳು. ಆಗಿನ ಕಾನೂನಿನ ಪ್ರಕಾರ ಮದುವೆಯಾದವಳ ಹಣ ಗಂಡನದು. ಇವಳು ಮದುವೆಗೆ ಮುಂಚೆಯೇ ಕರಾರುಪತ್ರ ಮಾಡಿಸಿ, ತನ್ನ 1600ಕ್ಕೂ ಮಿಕ್ಕಿದ ಪೌಂಡುಗಳನ್ನು ತನ್ನ ಹೆಸರಿಗೇ ಭದ್ರ ಮಾಡಿಕೊಂಡಳು. ಗಂಡನೊಂದಿಗೆ ಸುಖವಾಗಿಯೇ ಇದ್ದಳು. 1855ರ ಫೆಬ್ರವರಿಯಲ್ಲಿ ಕಾಯಿಲೆ ಮಲಗಿದಾಗ ತಾನಾಗಿಯೇ ಎಲ್ಲವನ್ನೂ ಅವನಿಗೆ ಬರೆದುಕೊಟ್ಟಳು. ಮಾರ್ಚ್ 31ರಂದು, ಗರ್ಭಿಣಿಯಾಗಿದ್ದಾಗಲೇ, 38ರ ವಯಸ್ಸಿನಲ್ಲಿ ತೀರಿಕೊಂಡಳು. ಆರು ಮಕ್ಕಳನ್ನೂ ಕಳಕೊಂಡ ಮುದಿ ತಂದೆ 1861ರವರೆಗೆ ಬದುಕಿದ.

ಕಿತ್ತುಕೊಳ್ಳುವುದು ಬೇರೆ, ಒಲಿದು ಕೊಡುವುದು ಬೇರೆ ಅನ್ನುವುದನ್ನು ಅವಳು ಕಾದಂಬರಿಯಲ್ಲಿ ಬರೆದಂತೆಯೇ ಬದುಕಿನಲ್ಲೂ ಮಾಡಿ ತೋರಿಸಿದಳು. ಗೆಳತಿಯರೇ, ಗೆಳೆಯರೇ, ಲೈಬ್ರರಿಯಲ್ಲಿ ‘ಜೇನ್ ಏರ್’ ಸಿಕ್ಕರೆ ಬಿಡಬೇಡಿ. ಬೀಗ ಹಾಕಿದ ಕೋಣೆಯ ಜೊತೆಗೆ ಸಂಬಳ, ವರದಕ್ಷಿಣೆಗಳ ಲೆಕ್ಕದ ಮೇಲೂ ಒಂದು ಕಣ್ಣಿಟ್ಟು ಓದಿ.