ಬಾಣಂತಿಯರ ಬಂಧು ಡಾಕ್ಟರ್ ಸೆಮ್ಮೆಲ್ವೈಸ್

ನಮ್ಮ ಶಾಲೆಯಲ್ಲಿ ವಿದ್ಯಾಭ್ಯಾಸವನ್ನು ಪೂರೈಸಿದ ಹೆಣ್ಣುಮಕ್ಕಳಲ್ಲಿ ಕೆಲವರು ದಾದಿಯರ ಶಿಕ್ಷಣವನ್ನು ಪಡೆದು, ದಾವಣಗೆರೆ ಹರಿಹರಗಳ ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆಗೆ ನಿಲ್ಲುವರಷ್ಟೆ. ಆ ಸೇವೆಗೆ ಹೋಗತಕ್ಕವರು ಮೊದಮೊದಲು ಕಲಿಯುವ ಪಾಠಗಳಲ್ಲಿ ಕೈ ತೊಳೆಯುವುದೂ ಒಂದು. ಇಷ್ಟು ಸುಲಭವಾದ ಪಾಠವನ್ನು ಲೋಕಕ್ಕೆ ಕಲಿಸಹೊರಟ ಒಬ್ಬ ವೈದ್ಯನು ಎಷ್ಟು ಕಷ್ಟಪಟ್ಟನೆಂಬುದನ್ನು ನಮ್ಮ ವಾಚಕರಿಗೆ ತಿಳಿಸಲಿಚ್ಛಿಸುತ್ತೇವೆ.

ಇಗ್ನಾಜ್ ಸೆಮ್ಮೆಲ್ವೈಸನು 1818ನೆಯ ಇಸವಿ ಜುಲೈ 1ರಂದು ಹಂಗೇರಿ ದೇಶದ ಬೂದಾ ಪಟ್ಟಣದಲ್ಲಿ ಒಬ್ಬ ದಿನಸಿ ವ್ಯಾಪಾರಿಯ ಮಗನಾಗಿ ಜನಿಸಿದನು. ಮೊದಲು ನ್ಯಾಯಶಾಸ್ತ್ರವನ್ನು ಓದತೊಡಗಿ, ಅದನ್ನು ಬಿಟ್ಟು ವೈದ್ಯಶಾಸ್ತ್ರಕ್ಕೆ ತಿರುಗಿ, 1844ರಲ್ಲಿ ವಿಯೆನ್ನಾ ನಗರದಲ್ಲಿ ಪದವಿಯನ್ನು ಪಡೆದನು. 1846ರಲ್ಲಿ ಅಲ್ಲಿಯ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯನಾದನು.

ಅಲ್ಲಿ ಬಡ ಸ್ತ್ರೀಯರ ಹೆರಿಗೆಗೆ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕೆಲಸ ಕಲಿಯುತ್ತಿದ್ದರು. 1846ರಲ್ಲಿ ಮೊದಲನೆಯ ವಿಭಾಗದ 4010 ಹೆರಿಗೆಗಳಲ್ಲಿ 459 ತಾಯಂದಿರು ತೀರಿಕೊಂಡರು. ಎರಡನೆಯದರ 3754 ಹೆರಿಗೆಗಳಲ್ಲಿ ತೀರಿಕೊಂಡವರು 105 ಮಂದಿ ಮಾತ್ರ. ಈ ಮರಣಗಳಿಗೆ ಮುಖ್ಯ ಕಾರಣವು ಬಾಣಂತಿ ಜ್ವರ. ಈ ಸಂಗತಿಯು ಊರಿಗೆಲ್ಲ ತಿಳಿದಿದ್ದುದರಿಂದ, ಮೊದಲನೆಯ ವಿಭಾಗಕ್ಕೆ ಸೇರಬೇಕಾಗಿ ಬಂದ ಹೆಂಗಸರು ಮೊಣಕಾಲೂರಿ ಬೇರೆ ಕಡೆಗೆ ಕಳುಹಿಸಿರೆಂದು ಅಂಗಲಾಚುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಬಂದವರಿಗೂ ಆ ಜ್ವರವು ಅಷ್ಟಾಗಿ ತಗಲುತ್ತಿರಲಿಲ್ಲ.

ಸೆಮ್ಮೆಲ್ವೈಸನು ಇದರ ಕಾರಣವನ್ನು ಹುಡುಕತೊಡಗಿದನು. ಕೆಟ್ಟ ಗಾಳಿಯೇ ಕಾರಣವೆಂದರೆ, ಎರಡು ವಿಭಾಗಗಳಿಗೂ ಗಾಳಿಯು ಒಂದೇ. ಜನಸಂದಣಿಯೆಂದರೆ, ಎರಡನೆಯದರಲ್ಲಿಯೇ ಅದು ಹೆಚ್ಚು. ಸಾಯುವವರಿಗೆ ಕಡೆಯ ಸಂಸ್ಕಾರವನ್ನು ಕೊಡಲು ಪಾದ್ರಿಗಳು ಗಂಟೆಯ ನಾದದೊಡನೆ ಹಾದುಹೋಗುವುದರಿಂದ ಭಯವುಂಟಾಗುವುದೋ ಎಂದು ಅವರ ದಾರಿಯನ್ನು ಬದಲಿಸಿ, ಗಂಟೆಯನ್ನು ನಿಲ್ಲಿಸಿ ನೋಡಿದನು. ಮರಣಗಳು ನಿಲ್ಲಲಿಲ್ಲ.

1847ರ ಮಾರ್ಚ್ ತಿಂಗಳಲ್ಲಿ ಆತನ ಸ್ನೇಹಿತನಾದ ಪ್ರೊಫೆಸರ್ ಕೊಲ್ಲೆಚ್ಕನು ತೀರಿಕೊಂಡನು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚೂರಿಯು ಈತನ ಬೆರಳಿಗೆ ತಗಲಿತ್ತು. ಆತನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಂಡವುಗಳಂತೆಯೇ ಇದ್ದವು. ಸೆಮ್ಮೆಲ್ವೈಸನಿಗೆ ಆಗ ಸತ್ಯವು ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಕೊಯ್ದು ಪರೀಕ್ಷಿಸಿ, ಸಾಬೂನಿನಿಂದ ತೊಳೆದರೂ ಹೆಣದ ವಾಸನೆ ಬಿಡದ ಅದೇ ಕೈಗಳಿಂದ ಹೆರಿಗೆ ಬೇನೆಯಲ್ಲಿದ್ದ ಸ್ತ್ರೀಯರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ.

ಈ ಅರಿವು ಆತನಿಗೆ ಸಂತೋಷವನ್ನಲ್ಲ, ತೀವ್ರವಾದ ದುಃಖವನ್ನೇ ತಂದಿತು. ಏಕೆಂದರೆ ಅನೇಕ ಶವಗಳನ್ನು ಪರೀಕ್ಷಿಸಿದವರಲ್ಲಿ ಆತನೂ ಒಬ್ಬನು. ತನ್ನ ಕೈಯಿಂದ ಮಡಿದವರ ಲೆಕ್ಕವು ದೇವರಿಗೇ ಗೊತ್ತೆಂದು ಆತನು ಮರೆಮಾಚದೆ ಒಪ್ಪಿಕೊಂಡನು. ಈ ಒಪ್ಪಿಕೆಯೇ ಆತನ ಜೀವಮಾನದ ಮಹತ್ಕಾರ್ಯಕ್ಕೆ ಬುನಾದಿಯಾಯಿತೆಂದು ನಾವು ಭಾವಿಸುತ್ತೇವೆ.

1847ರ ಮೇ ತಿಂಗಳಿನಿಂದ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ವಿಧಿಸಿದನು. ಏಪ್ರಿಲ್‌ನಲ್ಲಿ ನೂರಕ್ಕೆ 18ನ್ನು ಮೀರಿದ್ದ ಮರಣವು ಜೂನ್ ಹೊತ್ತಿಗೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಇನ್ನೊಂದು ಪಾಠವು ದೊರೆಯಿತು. ಕೊಳೆತ ವ್ರಣವುಳ್ಳ ಒಬ್ಬ ಸ್ತ್ರೀಯನ್ನು ಮೊದಲು ಪರೀಕ್ಷಿಸಿ, ಬಳಿಕ ಸಾಬೂನಿನಿಂದ ಮಾತ್ರ ಕೈ ತೊಳೆದು ಇತರರನ್ನು ಮುಟ್ಟಿದುದರಿಂದ, ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ಅಂದಿನಿಂದ ಒಬ್ಬ ರೋಗಿಯಿಂದ ಇನ್ನೊಬ್ಬಳ ಬಳಿಗೆ ಹೋಗುವಾಗಲೂ ಆ ನೀರಿನಲ್ಲಿ ತೊಳೆಯಬೇಕೆಂಬ ನಿಯಮವಾಯಿತು. 1848ರಲ್ಲಿ 3556 ಹೆರಿಗೆಗಳಿಗೆ 45 ಮರಣಗಳು ಮಾತ್ರ ಸಂಭವಿಸಿದವು.

ಆದರೂ ಹಿರಿಯ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ತಮ್ಮ ಕೈಗಳೇ ಮೃತ್ಯುವನ್ನು ಹೊತ್ತು ತಂದವೆಂಬ ಮಾತನ್ನು ಅವರು ಸಹಿಸದಾದರು. 1849ರಲ್ಲಿ ಆತನ ಹುದ್ದೆಯು ಮುಂದುವರಿಯಲಿಲ್ಲ. ಪೆಸ್ಟ್ ನಗರಕ್ಕೆ ಹಿಂದಿರುಗಿ, ಅಲ್ಲಿಯ ಆಸ್ಪತ್ರೆಯಲ್ಲಿ 1851ರಿಂದ ಆರು ವರ್ಷಗಳ 933 ಹೆರಿಗೆಗಳಲ್ಲಿ ಈ ಜ್ವರದ ಮರಣಗಳನ್ನು 8ಕ್ಕೆ ತಡೆದನು. ಆತನಲ್ಲಿಯೂ ಕುಂದಿಲ್ಲದಿರಲಿಲ್ಲ. ತನ್ನ ಗ್ರಂಥವನ್ನು 1861ರವರೆಗೆ ಪ್ರಕಟಿಸಲಿಲ್ಲ. ವಿರೋಧಿಗಳಿಗೆ ಬಹು ಕಠಿಣವಾದ ಪತ್ರಗಳನ್ನು ಬರೆದನು. ಕಡೆಗೆ ಮನಸ್ಸು ಕೆಟ್ಟು, ವಿಯೆನ್ನಾದ ಹುಚ್ಚಾಸ್ಪತ್ರೆಯನ್ನು ಸೇರಿ, ಗಾಯವು ಕೊಳೆತು ರಕ್ತಕ್ಕೆ ನಂಜೇರಿ, 1865ನೆಯ ಆಗಸ್ಟ್ 13ರಂದು 47ನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟನು. ಅದರ ಹಿಂದಿನ ದಿನವೇ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರನು, ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿಯನ್ನು ಕಟ್ಟಿದ್ದನು. ಆ ಬಾಲಕನು ಗುಣಹೊಂದಿದನು. 1879ರಲ್ಲಿ ಪಾಶ್ಚರನು ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟನು.

ಹರಿಹರದ ಬಳಿ ತುಂಗಭದ್ರೆಯಿಂದೆತ್ತಿ ದಾವಣಗೆರೆಗೆ ತರುವ ನೀರನ್ನು ಶುದ್ಧಿಮಾಡುವುದೂ ಅದೇ ಕ್ಲೋರಿನ್. ಇಂದು ಆಸ್ಪತ್ರೆಗಳಲ್ಲಿ ಕೈಗೆ ಹಚ್ಚುವ ಮದ್ಯಸಾರದ ದ್ರವವೂ ಕೈಚೀಲಗಳೂ ಇವೆ. ಆದರೆ ಕೈಚೀಲವು ಕೈ ತೊಳೆಯುವುದಕ್ಕೆ ಬದಲಾಗದು. ರಾತ್ರಿಯ ಪಾಳಿಯಲ್ಲಿ ದಣಿದ ದಾದಿಯು ನಲವತ್ತನೆಯ ಮಂಚದ ಬಳಿಗೆ ಹೋಗುವಾಗಲೂ ಮೊದಲನೆಯ ಮಂಚದ ನಿಯಮವನ್ನೇ ಪಾಲಿಸಬೇಕು. ಮರೆತವರು ಎಷ್ಟೇ ದೊಡ್ಡವರಾದರೂ ವಿನಯದಿಂದ ಜ್ಞಾಪಿಸಬೇಕು. ತಾನು ಮರೆತಾಗ ಇತರರು ಜ್ಞಾಪಿಸಿದರೆ ಸಿಟ್ಟಾಗದೆ ತಿದ್ದಿಕೊಳ್ಳಬೇಕು.

ಹೆರಿಗೆಗೆಂದು ಬಂದ ತಾಯಿಯು ತನ್ನ ಮಗುವನ್ನೆತ್ತಿಕೊಂಡು ಸುಖವಾಗಿ ಮನೆಗೆ ಹಿಂದಿರುಗುವುದಕ್ಕಿಂತ ಮಿಗಿಲಾದ ಸ್ಮಾರಕವು ಈ ವೈದ್ಯನಿಗೆ ಬೇಕಿಲ್ಲ. ಅಂಥ ಸ್ಮಾರಕಗಳನ್ನು ದಿನದಿನವೂ ಕಟ್ಟುವ ಭಾಗ್ಯವನ್ನು ದೇವರು ನಮ್ಮ ಸಹೋದರಿಯರ ಕೈಗಳಿಗೆ ದಯಪಾಲಿಸಲೆಂದು ಪ್ರಾರ್ಥಿಸುತ್ತೇವೆ.