ಡನ್‌ಲಪ್ಪನ ಗಾಳಿಚಕ್ರ

ಸೈಕಲ್ಲಿನ ಚಕ್ರ ಪಂಕ್ಚರಾದರೆ ಅದನ್ನು ಸರಿಪಡಿಸಿಕೊಳ್ಳುವುದು ಇಂದು ದೊಡ್ಡ ಸಾಹಸವೇನೂ ಅಲ್ಲ. ಚಪ್ಪಟೆಯಾದ ಎರಡು ಸನ್ನೆಗಳಿಂದ ಟೈರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ನೀರಿನಲ್ಲಿ ಮುಳುಗಿಸಿ ತೂತನ್ನು ಪತ್ತೆಹಚ್ಚಿ, ತೇಪೆ ಅಂಟಿಸಿ, ಟೈರನ್ನು ಹೆಬ್ಬೆರಳುಗಳಿಂದ ಒತ್ತಿ ಮತ್ತೆ ಕೂಡಿಸುವ ಕೆಲಸವನ್ನು ಮನೆಯಂಗಳದಲ್ಲಿಯೇ ಮುಗಿಸಬಹುದು. ಗಾಳಿಯ ಟೈರು ಲೋಕದ ಬಳಕೆಗೆ ಬಂದದ್ದೂ ಒಂದು ಮನೆಯಂಗಳದಿಂದಲೇ. ಆ ಮನೆಯ ಯಜಮಾನನು ಯಂತ್ರಶಿಲ್ಪಿಯಾಗಿರಲಿಲ್ಲ. ಕುದುರೆ ದನಗಳಿಗೆ ಮದ್ದು ಕೊಡುವ ವೈದ್ಯನಾಗಿದ್ದನು.

ಜಾನ್ ಬಾಯ್ಡ್ ಡನ್‌ಲಪ್ಪನು 1840ನೆಯ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ ಜನಿಸಿದನು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸೆಂದು ಮನೆಯವರು ಅವನನ್ನು ದುರ್ಬಲನೆಂದೇ ಎಣಿಸಿದರು. ಆ ನಂಬಿಕೆ ಅವನನ್ನೂ ಜೀವಮಾನವಿಡೀ ಬಿಡಲಿಲ್ಲ. ಆದರೆ ಹೀಗೆ ದುರ್ಬಲನೆನಿಸಿಕೊಂಡವನು ಎಂಬತ್ತನ್ನು ದಾಟಿ ಬದುಕಿದನು! ಎಡಿನ್‌ಬರೋ ನಗರದಲ್ಲಿ ಪಶುವೈದ್ಯವನ್ನು ಕಲಿತು ಹತ್ತೊಂಬತ್ತನೆಯ ವಯಸ್ಸಿಗೇ ವೃತ್ತಿಗಿಳಿದನು. 1867ರಲ್ಲಿ ಐರ್ಲೆಂಡಿಗೆ ಬಂದು, 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬಾಕೆಯನ್ನು ವಿವಾಹವಾದನು. ಬೆಲ್‌ಫಾಸ್ಟ್ ನಗರದಲ್ಲಿ ಅವನು ನಡೆಸುತ್ತಿದ್ದ ಪಶುಚಿಕಿತ್ಸಾಲಯವು ಕ್ರಮೇಣ ಆ ದೇಶದ ದೊಡ್ಡ ಚಿಕಿತ್ಸಾಲಯಗಳಲ್ಲಿ ಒಂದಾಯಿತು. ಗಡ್ಡ ಬಿಟ್ಟ, ಮಿತಭಾಷಿಯಾದ ಈ ಗೃಹಸ್ಥನು ತನ್ನ ಪಾಡಿಗೆ ತಾನು ಬಾಳಿಹೋಗಿದ್ದರೆ ಅವನ ಹೆಸರು ಆ ನಗರದ ಎಲ್ಲೆಯನ್ನು ದಾಟುತ್ತಿರಲಿಲ್ಲ.

ಆ ಕಾಲದ ಬೀದಿಗಳಿಗೆ ಕಲ್ಲು ಹಾಸಿರುತ್ತಿತ್ತು. ನಡುವೆ ಟ್ರಾಮಿನ ಹಳಿಗಳು. ಬಂಡಿಗಳ ಚಕ್ರಕ್ಕೆ ಕಬ್ಬಿಣದ ಪಟ್ಟಿ, ಸೈಕಲ್ಲುಗಳ ಚಕ್ರಕ್ಕೆ ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿದ್ದವು. ಅಂತಹ ಬೀದಿಯಲ್ಲಿ ಸವಾರಿ ಮಾಡಿದವನ ಎಲುಬುಗಳೆಲ್ಲ ನಡುಗುತ್ತಿದ್ದವು. ಡನ್‌ಲಪ್ಪನ ಮಗ ಜಾನಿಗೆ ಆಗ ಸುಮಾರು ಹತ್ತು ವರ್ಷ. ಅವನಿಗೊಂದು ಮೂರು ಗಾಲಿಯ ಸೈಕಲ್ಲಿತ್ತು. ಅದರ ಕುಲುಕಾಟವನ್ನು ತಪ್ಪಿಸಿ ಅದು ಹಗುರವಾಗಿ ಓಡುವಂತೆ ಮಾಡಬೇಕೆಂಬ ಆಸೆ ತಂದೆಯ ಮನಸ್ಸಿನಲ್ಲಿ ಮೂಡಿತು.

1887ರ ಕೊನೆಯ ಭಾಗದಲ್ಲಿ ಡನ್‌ಲಪ್ಪನು ಸುಮಾರು 40 ಸೆಂಟಿಮೀಟರ್ ವ್ಯಾಸದ ಮರದ ಬಿಲ್ಲೆಯೊಂದನ್ನು ತೆಗೆದುಕೊಂಡನು. ಒಂದು ಮಿಲಿಮೀಟರಿಗಿಂತ ತೆಳುವಾದ ರಬ್ಬರ್ ಹಾಳೆಯಿಂದ ನಳಿಗೆಯನ್ನು ಮಾಡಿ ಬಿಲ್ಲೆಯ ಸುತ್ತಲೂ ಇರಿಸಿದನು. ಅದರ ಮೇಲೆ ಬಟ್ಟೆಯ ಪಟ್ಟಿಯನ್ನು ಹೊದಿಸಿ, ಪಟ್ಟಿಯ ಅಂಚುಗಳನ್ನು ಸಣ್ಣ ಮೊಳೆಗಳಿಂದ ಮರಕ್ಕೆ ಬಡಿದನು. ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ನಳಿಗೆಯನ್ನು ಉಬ್ಬಿಸಿ ಅದರ ಬಾಯನ್ನು ಕಟ್ಟಿದನು. ಬಳಿಕ ಮಗನ ಸೈಕಲ್ಲಿನ ಗಟ್ಟಿ ರಬ್ಬರಿನ ಚಕ್ರವೊಂದನ್ನು ಬಿಚ್ಚಿ ತಂದು, ಮೊದಲು ಅದನ್ನು ಅಂಗಳದುದ್ದಕ್ಕೆ ಉರುಳಿಬಿಟ್ಟನು. ಅದು ಅಂಗಳದ ಕೊನೆಯನ್ನು ಮುಟ್ಟುವ ಮೊದಲೇ ಓಲಾಡಿ ಬಿದ್ದಿತು. ಅಷ್ಟೇ ಬಲದಿಂದ ಉರುಳಿಸಿದ ಗಾಳಿಯ ಬಿಲ್ಲೆಯಾದರೋ ಅಂಗಳವನ್ನೆಲ್ಲ ದಾಟಿ, ಆಚೆ ತುದಿಯ ಬಾಗಿಲಿಗೆ ಬಡಿದು ಪುಟಿದು ಹಿಂದಕ್ಕೆ ಬಂದಿತು. ಅವನಿಗೆ ಬೇಕಾದ ಉತ್ತರ ದೊರೆಯಿತು. ಕೂಡಲೇ ಹಿಂಬದಿಯ ಎರಡು ಗಾಲಿಗಳಿಗೆ ಇದೇ ರೀತಿಯ ಟೈರುಗಳನ್ನು ಸಿದ್ಧಪಡಿಸಿದನು. 1888ರ ಆರಂಭದಲ್ಲಿ ಒಂದು ರಾತ್ರಿ, ಬೆಳಗಾಗುವವರೆಗೆ ಕಾಯುವ ತಾಳ್ಮೆಯಿಲ್ಲದ ಬಾಲಕನು ಅವುಗಳ ಮೇಲೆ ಮೊದಲ ಸವಾರಿ ಮಾಡಿದನು.

ಅದೇ ವರ್ಷ ಡನ್‌ಲಪ್ಪನಿಗೆ ಪೇಟೆಂಟು, ಅಂದರೆ ತನ್ನ ಶೋಧದ ಮೇಲಿನ ಹಕ್ಕು, ಲಭಿಸಿತು. ಆದರೆ ಜನರ ನಗೆಯನ್ನು ಪೇಟೆಂಟು ತಡೆಯುವುದಿಲ್ಲ. ಬೆಲ್‌ಫಾಸ್ಟಿನ ಸೈಕಲ್ ಸಂಘವೊಂದರ ನಾಯಕನಾದ ವಿಲ್ಲಿ ಹ್ಯೂಮ್ ಎಂಬ ತರುಣನು 1889ರ ಮೇ ತಿಂಗಳಲ್ಲಿ, ಆ ನಗರದ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ದಪ್ಪ ದಪ್ಪ ಗಾಳಿಚಕ್ರಗಳ ಸೈಕಲ್ಲನ್ನು ತಂದಾಗ ನೋಡಿದವರೆಲ್ಲ ನಕ್ಕರು. ಹ್ಯೂಮನು ತಾನು ಸ್ಪರ್ಧಿಸಿದ ಪಂದ್ಯಗಳನ್ನೆಲ್ಲ ಗೆದ್ದನು. ಅವನ ಎದುರು ಸೋತವರಲ್ಲಿ ಡಬ್ಲಿನ್ನಿನ ವರ್ತಕ ಹಾರ್ವೆ ಡು ಕ್ರೋಸನ ಮಕ್ಕಳೂ ಇದ್ದರು. ಮಕ್ಕಳ ಸೋಲಿನಲ್ಲಿ ವ್ಯಾಪಾರದ ದಾರಿಯನ್ನು ಕಂಡ ತಂದೆ ಅವನು! ಆ ವರ್ಷವೇ ಅವನು ಮುಂದೆ ನಿಂತು ಡಬ್ಲಿನ್ನಿನಲ್ಲಿ ಟೈರಿನ ಕಂಪನಿಯನ್ನು ಹುಟ್ಟುಹಾಕಿದನು. ಡನ್‌ಲಪ್ಪನು ತನ್ನ ಹಕ್ಕನ್ನು ಕಂಪನಿಗೆ ವಹಿಸಿ ಅದರಲ್ಲಿ ಪಾಲುದಾರನಾದನು.

ಕಂಪನಿ ನೆಲೆಯೂರುವ ಮೊದಲೇ ಪೆಟ್ಟು ಬಿದ್ದಿತು. 1890ರಲ್ಲಿ ಡನ್‌ಲಪ್ಪನ ಪೇಟೆಂಟು ಸಿಂಧುವಲ್ಲವೆಂದು ತಿಳಿದುಬಂದಿತು. ಅವನು ಐದು ವರ್ಷದ ಬಾಲಕನಾಗಿದ್ದಾಗಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತಮೂರು ವರ್ಷದ ಇನ್ನೊಬ್ಬ ಸ್ಕಾಟ್ಲೆಂಡಿಗನು ಗಾಳಿ ತುಂಬಿದ ಚಕ್ರಕ್ಕೆ ಹಕ್ಕು ಪಡೆದಿದ್ದನು. ಅವನು ರಬ್ಬರು ಲೇಪಿಸಿದ ಕ್ಯಾನ್ವಾಸಿನ ನಳಿಗೆಗೆ ಚರ್ಮದ ಹೊದಿಕೆ ಹಾಕಿ, ಅದನ್ನು ಬೋಲ್ಟುಗಳಿಂದ ಸಾರೋಟಿನ ಗಾಲಿಗೆ ಬಿಗಿದು ಓಡಿಸಿಯೂ ತೋರಿಸಿದ್ದನು. ಆದರೆ ಅಂದು ರಬ್ಬರು ದುಬಾರಿ. ಸೈಕಲ್ಲುಗಳ ಕಾಲ ಇನ್ನೂ ಬಂದಿರಲಿಲ್ಲ. ಥಾಮ್ಸನ್ನನು 1873ರಲ್ಲಿ ತೀರಿಕೊಂಡನು. ಅವನ ಶೋಧವನ್ನು ಲೋಕ ಮರೆಯಿತು. ಡನ್‌ಲಪ್ಪನಿಗೂ ಅದರ ಅರಿವಿರಲಿಲ್ಲ. ಅವನು ಕದ್ದವನಲ್ಲ, ಆದರೆ ಮೊದಲಿಗನೂ ಅಲ್ಲ. ಐವತ್ತರ ಅಂಚಿನಲ್ಲಿ, ನೆಲೆಗೊಂಡ ವೃತ್ತಿಯನ್ನು ಬಿಟ್ಟು ಬಂದವನಿಗೆ ಈ ಸಂಗತಿ ಎಂತಹ ಆಘಾತವಾಗಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಗಾಳಿಯ ಮೇಲಿನ ಹಕ್ಕು ಹೋಯಿತು. ಉಳಿದದ್ದು ಗಾಳಿಯನ್ನು ಚಕ್ರಕ್ಕೆ ಕಟ್ಟಿಹಾಕುವ ಸಮಸ್ಯೆ. ನಿಜವಾದ ತೊಡಕು ಇದ್ದುದೂ ಅಲ್ಲಿಯೇ. ಡನ್‌ಲಪ್ಪನ ಮೊದಮೊದಲ ಟೈರುಗಳಲ್ಲಿ ಬಟ್ಟೆಯ ಹೊದಿಕೆಯನ್ನು ಚಕ್ರದ ಕಡ್ಡಿಗಳ ನಡುವಿನಿಂದ ತಂದು, ರಿಮ್ಮನ್ನು ಸುತ್ತಿ, ಅಂಟಿನಿಂದ ಬಲವಾಗಿ ಅಂಟಿಸುತ್ತಿದ್ದರು. ದಾರಿಯಲ್ಲಿ ಒಂದು ಮುಳ್ಳು ಚುಚ್ಚಿದರೂ ಇಡೀ ಹೊದಿಕೆಯನ್ನು ಸುಲಿಯಬೇಕು. ಸರಿಪಡಿಸಿದ ಮೇಲೆ ಮತ್ತೆ ಅಂಟಿಸಿ ಒಣಗಿಸಬೇಕು. ಸವಾರನಿಗೆ ಇದು ಸಾಧ್ಯವೇ? ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ನಗರದಲ್ಲಿ ಮಿಷೆಲಿನ್ ಸಹೋದರರ ರಬ್ಬರ್ ಕಾರ್ಖಾನೆಗೆ ಸೈಕಲ್ ಸವಾರನೊಬ್ಬನು ಇಂತಹ ಟೈರನ್ನು ತಂದಾಗ, ಅದರ ದುರಸ್ತಿಗೆ ಮೂರು ಗಂಟೆಯೂ ಒಣಗುವುದಕ್ಕೆ ಒಂದು ರಾತ್ರಿಯೂ ಹಿಡಿದವು. ಮರುದಿನ ಎದ್ವಾರ್ ಮಿಷೆಲಿನ್ನನು ಅದನ್ನು ಪರೀಕ್ಷಿಸಲು ಹೊರಟರೆ ಕೆಲವು ನೂರು ಮೀಟರು ಹೋಗುವಷ್ಟರಲ್ಲಿ ಅದು ಮತ್ತೆ ಕೈಕೊಟ್ಟಿತು! ಆದರೂ ಆ ಸವಾರಿಯ ಸುಖ ಅವನ ಮನಸ್ಸಿನಲ್ಲಿ ನಿಂತಿತು. 1891ರಲ್ಲಿ ಅವನು ಬಿಚ್ಚಿ ಹಾಕಬಹುದಾದ ಟೈರನ್ನು ಸಿದ್ಧಪಡಿಸಿದನು. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿಬರುವ ದೀರ್ಘ ಪಂದ್ಯವನ್ನು ಷಾರ್ಲ್ ತೆರೋಂ ಎಂಬವನು ಆ ಟೈರುಗಳ ಮೇಲೆಯೇ ಗೆದ್ದನು.

ಇತ್ತ ಇಂಗ್ಲೆಂಡಿನಲ್ಲಿ 1890ರಲ್ಲಿಯೇ ಚಾರ್ಲ್ಸ್ ವೆಲ್ಚ್ ಎಂಬವನು ಟೈರಿನ ಎರಡು ಅಂಚುಗಳೊಳಗೂ ಹಿಗ್ಗದ ತಂತಿಯ ಬಳೆಯನ್ನು ಹುದುಗಿಸಿ, ನಡುವೆ ತಗ್ಗಿರುವ ರಿಮ್ಮನ್ನು ರೂಪಿಸಿದನು. ಅಂಚಿನ ಒಂದು ಭಾಗವನ್ನು ತಗ್ಗಿಗೆ ಇಳಿಸಿದರೆ ಎದುರು ಭಾಗ ಸಡಿಲಗೊಂಡು ರಿಮ್ಮಿನ ಮೇಲಿಂದ ಹೊರಬರುತ್ತದೆ. ಗಾಳಿ ತುಂಬಿದೊಡನೆ ಎರಡೂ ಅಂಚುಗಳು ತಮ್ಮ ನೆಲೆಗೆ ಏರಿ ಬಿಗಿಯುತ್ತವೆ. ಟೈರು ಕೂಡಿಸುವವನು ಇಂದಿಗೂ ನಂಬಿರುವುದು ಇದೇ ಯುಕ್ತಿಯನ್ನು. ಡನ್‌ಲಪ್ಪನ ಕಂಪನಿ ಈ ಹಕ್ಕನ್ನೂ, ಅಂಚಿಗೆ ದಿಂಡು ಕೊಟ್ಟ ಬಾರ್ಟ್ಲೆಟ್ಟನ ಟೈರಿನ ಹಕ್ಕನ್ನೂ ಕೊಂಡುಕೊಂಡಿತು. ಅದು ಉಳಿದದ್ದು ಇವುಗಳ ಬಲದಿಂದ. ಎರಡನೆಯ ಮಹಾಯುದ್ಧದ ಬಳಿಕ ಇಟಲಿಯಲ್ಲಿ ತಯಾರಾದ ವೆಸ್ಪಾ ಸ್ಕೂಟರಿನಲ್ಲಿ ರಿಮ್ಮನ್ನೇ ಎರಡು ಹೋಳಾಗಿ ಮಾಡಿ ನಟ್ಟುಗಳಿಂದ ಜೋಡಿಸಿದಾಗ ಕೆಲಸ ಇನ್ನಷ್ಟು ಸುಲಭವಾಯಿತು. ಅದೇ ಬಗೆಯ ರಿಮ್ಮು ನಮ್ಮ ಚೇತಕ್ ಸ್ಕೂಟರಿಗೂ ಬಂದಿದ್ದರಿಂದ ಕನ್ನಡನಾಡಿನ ಎಷ್ಟೋ ಮನೆಗಳ ಮುಂದೆ ಟೈರು ಬದಲಿಸುವ ಕೆಲಸ ನಡೆದಿದೆ. ಆದರೆ ಅಲ್ಲಿ ಗಾಳಿಯನ್ನು ಪೂರ್ತಿ ಬಿಟ್ಟ ನಂತರವೇ ನಟ್ಟುಗಳಿಗೆ ಕೈಹಾಕಬೇಕು. ಇಲ್ಲವಾದರೆ ಹೋಳುಗಳು ಸಿಡಿದು ಅಪಾಯವಾದೀತು.

ಡನ್‌ಲಪ್ಪನು ಕುಟುಂಬದೊಡನೆ ಡಬ್ಲಿನ್ನಿಗೆ ಬಂದು ನೆಲೆಸಿದ್ದನು. ಕಂಪನಿಯ ಆಡಳಿತದಲ್ಲಿ ಅವನ ಮಾತು ಹೆಚ್ಚು ನಡೆಯಲಿಲ್ಲ. 1895ರ ಸುಮಾರಿಗೆ ಅವನು ಅದರಿಂದ ಹೊರಬಂದನು. ಮರುವರ್ಷ ಕಂಪನಿಯು 30 ಲಕ್ಷ ಪೌಂಡುಗಳಿಗೆ ಮಾರಾಟವಾಗಿ, ಕೆಲವೇ ಕಾಲದಲ್ಲಿ 50 ಲಕ್ಷ ಪೌಂಡುಗಳ ಹೊಸ ಕಂಪನಿಯಾಗಿ ಕಾಣಿಸಿಕೊಂಡಿತು. ಆ ಸಂಪತ್ತಿನಲ್ಲಿ ಡನ್‌ಲಪ್ಪನಿಗೆ ಪಾಲಿರಲಿಲ್ಲ. ಆದರೆ ಹೊಸ ಕಂಪನಿಯವರು ಅವನ ಹೆಸರನ್ನು ಮಾತ್ರ ಬಿಡಲಿಲ್ಲ. ಅವನು ಬಿಟ್ಟುಬಂದ ಮೇಲೆಯೇ ಅದು ಫಲಕದ ಮೇಲೆ ದೊಡ್ಡದಾಗಿ ಬಂದಿತು. ಅವನು ಡಬ್ಲಿನ್ನಿನ ಜವಳಿ ಅಂಗಡಿಯೊಂದರ ವ್ಯವಹಾರದಲ್ಲಿ ತೊಡಗಿ ಶಾಂತವಾಗಿ ಕಾಲ ಕಳೆದನು. ತನ್ನ ಅಂಗಳದಲ್ಲಿ ಆರಂಭವಾದ ಕಥೆಯನ್ನು ತಾನೇ ಬರೆದಿಡಬೇಕೆಂದು ಮುದಿವಯಸ್ಸಿನಲ್ಲಿ ಲೇಖನಿ ಹಿಡಿದನು. 1921ರ ಅಕ್ಟೋಬರ್ 23ರಂದು ಅವನು ನಿಧನನಾದನು. ಗಾಳಿಯ ಟೈರಿನ ಇತಿಹಾಸವನ್ನು ಕುರಿತ ಆ ಗ್ರಂಥ ಅಚ್ಚಾಗಿ ಹೊರಬಂದುದನ್ನು ನೋಡಲು ಅವನು ಉಳಿದಿರಲಿಲ್ಲ.