ಸುಟ್ಟುಹೋದ ಹಡಗು, ಉಳಿದುಕೊಂಡ ತಗಡಿನ ಪೆಟ್ಟಿಗೆ: ಬ್ಯಾಕಪ್ ಪಾಠ ಹೇಳುವ ವ್ಯಾಲೇಸ್ ಬದುಕು

ಮನೆಯ ಕಂಪ್ಯೂಟರ್ ಕೆಟ್ಟಿತು, ರಿಪೇರಿ ಅಂಗಡಿಗೆ ಒಯ್ದಿರಿ ಅಂದುಕೊಳ್ಳಿ. ಫಾರ್ಮ್ಯಾಟ್ ಮಾಡಬೇಕಾಗುತ್ತದೆ, ಒಳಗೆ ಬೇಕಾದದ್ದು ಏನಾದರೂ ಇದೆಯೇ ಎಂದು ಅವರು ಕೇಳುತ್ತಾರೆ. ಎದೆ ಧಸಕ್ಕೆನ್ನುವುದು ಆಗ. ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋ, ತೀರಿಕೊಂಡ ಅಜ್ಜಿಯ ವಿಡಿಯೋ, ಜಮೀನಿನ ಪತ್ರಗಳ ಸ್ಕ್ಯಾನ್, ಎಲ್ಲವೂ ಅದರಲ್ಲೇ ಇರುತ್ತವೆ.

ಇದಕ್ಕೆ ಪರಿಹಾರವಾಗಿ ನಮ್ಮಲ್ಲಿ ಓಡಾಡುವ ಒಂದು ಸಲಹೆ ಇದೆ. ಎಲ್ಲವನ್ನೂ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹಾಕಿಬಿಡಿ, ಮತ್ತೆ ಚಿಂತೆ ಇಲ್ಲ ಎನ್ನುವುದು. ಈ ಮಾತಿನಲ್ಲಿ ಅರ್ಧ ನಿಜ ಇದೆ, ಅರ್ಧ ಅಪಾಯ ಇದೆ. ಯಾವುದು ಯಾವುದು ಎಂದು ತಿಳಿಯಲು ಕಂಪ್ಯೂಟರ್ ಇಲ್ಲದ ಕಾಲದ ಒಬ್ಬ ವಿಜ್ಞಾನಿಯ ಕತೆ ಕೇಳೋಣ. ಅವರ ಹೆಸರು ಆಲ್ಫ್ರೆಡ್ ರಸೆಲ್ ವ್ಯಾಲೇಸ್. ಜೀವವಿಕಾಸದ ಹಿಂದಿರುವ ನೈಸರ್ಗಿಕ ಆಯ್ಕೆಯನ್ನು ಚಾರ್ಲ್ಸ್ ಡಾರ್ವಿನ್ ಜೊತೆಜೊತೆಗೇ, ಆದರೆ ಸ್ವತಂತ್ರವಾಗಿ ಕಂಡುಕೊಂಡವರು ಇವರೇ.

ಶಾಲೆ ಬಿಟ್ಟ ಹುಡುಗ

ವ್ಯಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್‌ನ ಅಸ್ಕ್ ಎಂಬ ಊರಿನ ಬಳಿ. ಮನೆಯಲ್ಲಿ ಹಣದ ತಾಪತ್ರಯ. ಹಾಗಾಗಿ ಹದಿನಾಲ್ಕರ ಹೊತ್ತಿಗೆ ಶಾಲೆ ಬಿಡಬೇಕಾಯಿತು. ಅಣ್ಣನ ಜೊತೆ ಭೂಮಿ ಅಳೆಯುವ ಸರ್ವೆ ಕೆಲಸಕ್ಕೆ ಸೇರಿದರು. ಹೊಲಗದ್ದೆ ಸುತ್ತುತ್ತಾ ಗಿಡಮರಗಳ ಹುಚ್ಚು ಹತ್ತಿತು. ಮುಂದೆ ಲೆಸ್ಟರ್ ನಗರದಲ್ಲಿ ಮೇಷ್ಟರಾಗಿದ್ದಾಗ ಹೆನ್ರಿ ಬೇಟ್ಸ್ ಎಂಬ ಯುವಕನ ಪರಿಚಯವಾಯಿತು. ಬೇಟ್ಸ್‌ಗೆ ಜೀರುಂಡೆ ಹಿಡಿಯುವ ಗೀಳು. ಆ ಗೀಳು ವ್ಯಾಲೇಸ್‌ಗೂ ಅಂಟಿತು.

1848ರಲ್ಲಿ ಇಬ್ಬರೂ ಹಡಗು ಹತ್ತಿ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿಗೆ ಹೋದರು. ಡಾರ್ವಿನ್ ಅವರಂತೆ ಇವರ ಹಿಂದೆ ಶ್ರೀಮಂತ ಕುಟುಂಬ ಇರಲಿಲ್ಲ. ಹಕ್ಕಿ, ಚಿಟ್ಟೆ, ಜೀರುಂಡೆಗಳನ್ನು ಹಿಡಿದು, ಕೆಡದಂತೆ ಸಂಸ್ಕರಿಸಿ ಲಂಡನ್ನಿಗೆ ಕಳಿಸಬೇಕು. ಅಲ್ಲಿ ಸ್ಯಾಮ್ಯುಯೆಲ್ ಸ್ಟೀವನ್ಸ್ ಎಂಬ ಏಜೆಂಟ್ ಅವನ್ನು ಸಂಗ್ರಹಾಲಯಗಳಿಗೂ ಆಸಕ್ತರಿಗೂ ಮಾರುತ್ತಿದ್ದರು. ಆ ಹಣವೇ ಊಟ, ಆ ಹಣವೇ ಪ್ರಯಾಣ.

ಎಲ್ಲವೂ ಒಂದೇ ಹಡಗಿನಲ್ಲಿ

ಮೊದಲ ಎರಡು ವರ್ಷ ವ್ಯಾಲೇಸ್ ಸಂಗ್ರಹಿಸಿದ್ದನ್ನು ಕಂತುಕಂತಾಗಿ ಲಂಡನ್ನಿಗೆ ಕಳಿಸಿದರು. ಆಮೇಲೆ ಬೇಟ್ಸ್ ಒಂದು ದಾರಿ, ವ್ಯಾಲೇಸ್ ಇನ್ನೊಂದು ದಾರಿ ಹಿಡಿದರು. ವ್ಯಾಲೇಸ್ ರಿಯೊ ನೀಗ್ರೊ ನದಿಯಲ್ಲಿ ಬಹುದೂರ ಹೋದರು. ಜ್ವರ ಬಂದು ಸಾವಿನ ಅಂಚಿಗೆ ಹೋಗಿಬಂದರು. ನೆರವಾಗಲು ಬಂದಿದ್ದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರದಿಂದ ತೀರಿಕೊಂಡರು.

1852ರಲ್ಲಿ ಊರಿಗೆ ಹೊರಡಲು ನಿರ್ಧರಿಸಿ ಬಾರಾ ಪಟ್ಟಣಕ್ಕೆ, ಅಂದರೆ ಇಂದಿನ ಮನೌಸ್‌ಗೆ ಬಂದಾಗ ಒಂದು ಆಘಾತ ಕಾದಿತ್ತು. ಹಿಂದಿನ ವರ್ಷವೇ ಕಳಿಸಿದ್ದ ಪೆಟ್ಟಿಗೆಗಳು ಲಂಡನ್ನಿಗೆ ಹೋಗಿರಲೇ ಇಲ್ಲ. ಒಳಗೆ ಕಳ್ಳಮಾಲು ಇರಬಹುದೆಂಬ ಅನುಮಾನದಿಂದ ಸುಂಕದವರು ತಡೆದು ಇಟ್ಟುಕೊಂಡಿದ್ದರು. ಬೇರೆ ದಾರಿ ಇಲ್ಲದೆ ಹಳೆಯ ಪೆಟ್ಟಿಗೆಗಳನ್ನೂ ಹೊಸ ಪೆಟ್ಟಿಗೆಗಳನ್ನೂ ವ್ಯಾಲೇಸ್ ತಮ್ಮ ಜೊತೆಗೇ ತೆಗೆದುಕೊಂಡರು. ಜುಲೈ 12ರಂದು ಹೆಲೆನ್ ಎಂಬ ಹಡಗಿನಲ್ಲಿ ಹೊರಟರು.

ಈಗ ಪರಿಸ್ಥಿತಿ ನೋಡಿ. ಮನುಷ್ಯ, ಅವನ ಸಂಗ್ರಹ, ಅವನ ದಿನಚರಿಗಳು, ಎಲ್ಲವೂ ಒಂದೇ ಮರದ ಹಡಗಿನೊಳಗೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಬೆಂಕಿ

ಆಗಸ್ಟ್ 6ರ ಬೆಳಗ್ಗೆ ಹಡಗಿಗೆ ಬೆಂಕಿ ಹತ್ತಿರುವುದಾಗಿ ಕ್ಯಾಪ್ಟನ್ ಬಂದು ತಿಳಿಸಿದರು. ಸರಕಿನ ಜೊತೆ ರಬ್ಬರ್ ಮತ್ತು ಬೇಗ ಹೊತ್ತಿಕೊಳ್ಳುವ ಮರದೆಣ್ಣೆ ಇತ್ತು. ಹೊಗೆ ತುಂಬಿದ ಕೋಣೆಗೆ ಇಳಿದ ವ್ಯಾಲೇಸ್ ಕೈಗೆ ಸಿಕ್ಕ ಒಂದು ಸಣ್ಣ ತಗಡಿನ ಪೆಟ್ಟಿಗೆ ಎತ್ತಿಕೊಂಡರು. ಅದರಲ್ಲಿ ಕೆಲವು ಅಂಗಿಗಳಿದ್ದವು. ಹತ್ತಿರದಲ್ಲೇ ಇದ್ದ ಮೀನಿನ ಮತ್ತು ತಾಳೆ ಜಾತಿಯ ಮರಗಳ ಚಿತ್ರಗಳನ್ನು ಅದರೊಳಗೆ ಹಾಕಿಕೊಂಡು ಮೇಲೆ ಬಂದರು. ಮತ್ತೊಮ್ಮೆ ಕೆಳಗೆ ಹೋಗುವ ಶಕ್ತಿಯೂ ಮನಸ್ಸೂ ಉಳಿದಿರಲಿಲ್ಲ.

ಸಣ್ಣ ದೋಣಿಗಳಲ್ಲಿ ಕುಳಿತು ಹಡಗು ಉರಿಯುವುದನ್ನು ನೋಡಿದರು. ಲಂಡನ್ನಿಗೆ ಒಯ್ಯುತ್ತಿದ್ದ ಗಿಳಿಗಳು, ಕೋತಿಗಳು ಕೂಡ ಆ ಹಡಗಿನಲ್ಲಿದ್ದವು. ಬದುಕಿದ್ದು ಒಂದೇ ಒಂದು ಗಿಳಿ. ನಡುಸಮುದ್ರದಲ್ಲಿ ಹತ್ತು ದಿನ ಕಳೆದ ಮೇಲೆ ಜೋರ್ಡೆಸನ್ ಎಂಬ ಹಳೆಯ ಹಡಗೊಂದು ಕಂಡು ಇವರನ್ನು ಹತ್ತಿಸಿಕೊಂಡಿತು. ಅಕ್ಟೋಬರ್ 1ರಂದು ಇಂಗ್ಲೆಂಡಿನ ಡೀಲ್ ಬಂದರಿನಲ್ಲಿ ಇಳಿದಾಗ ವ್ಯಾಲೇಸ್ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಉಳಿದದ್ದು ಏನು, ಯಾಕೆ?

ಪೂರ್ತಿ ನಾಶವಾಯಿತು ಅಂದುಕೊಂಡರೂ ಕೆಲವು ವಸ್ತುಗಳು ಉಳಿದಿದ್ದವು. ಅವು ಉಳಿದ ಕಾರಣ ನೋಡಿದರೆ ಬ್ಯಾಕಪ್ ಅಂದರೇನು ಎಂದು ಅರ್ಥವಾಗುತ್ತದೆ.

ಮೊದಲನೆಯದು, ಮೊದಲೆರಡು ವರ್ಷ ಕಳಿಸಿದ್ದ ಸಂಗ್ರಹ. ಅದು ಬೆಂಕಿ ಹತ್ತುವ ಮೊದಲೇ ಹಡಗಿನಿಂದ ಸಾವಿರಾರು ಮೈಲಿ ದೂರದ ಲಂಡನ್ನಿನಲ್ಲಿತ್ತು.

ಎರಡನೆಯದು, ಮನೆಗೆ ಬರೆದಿದ್ದ ಪತ್ರಗಳು. ದಿನಚರಿಯ ಬಹುಪಾಲು ಸುಟ್ಟುಹೋಗಿದ್ದರೂ ಆ ಪತ್ರಗಳು, ಅಳಿದುಳಿದ ಟಿಪ್ಪಣಿಗಳು ಮತ್ತು ನೆನಪಿನ ಬಲದಿಂದ ವ್ಯಾಲೇಸ್ ತಮ್ಮ ಅಮೆಜಾನ್ ಪ್ರವಾಸ ಕಥನ ಬರೆದರು. ಅದು 1853ರಲ್ಲಿ ಪ್ರಕಟವಾಯಿತು.

ಮೂರನೆಯದು, ತಗಡಿನ ಪೆಟ್ಟಿಗೆಯ ಚಿತ್ರಗಳು. ಉಳಿದ ಸರಕಿನ ಜೊತೆ ಹಡಗಿನ ಹೊಟ್ಟೆಯಲ್ಲಿ ಸೇರಿಹೋಗದೆ ಬೇರೆಯಾಗಿ, ಕೈಗೆಟುಕುವಂತೆ ಇದ್ದದ್ದರಿಂದ ಅವು ಉಳಿದವು. ತಾಳೆ ಮರಗಳ ಚಿತ್ರಗಳು 1853ರಲ್ಲೇ ಪುಸ್ತಕವಾದವು. ಮೀನಿನ ಚಿತ್ರಗಳು ಇಂದಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಆದರೆ ಇದು ಯೋಜನೆಯಲ್ಲ, ಬರೀ ಅದೃಷ್ಟ.

ಇನ್ನೊಂದು ವಿಷಯ ಇದೆ. ಏಜೆಂಟ್ ಸ್ಟೀವನ್ಸ್ ಮುಂದಾಲೋಚನೆಯಿಂದ ಸಂಗ್ರಹಕ್ಕೆ 200 ಪೌಂಡಿನ ವಿಮೆ ಮಾಡಿಸಿದ್ದರು. ಹಣ ಬಂತು, ವ್ಯಾಲೇಸ್ ಬೀದಿಗೆ ಬೀಳಲಿಲ್ಲ. ಆದರೆ ವಿಮೆ ಒಂದೇ ಒಂದು ಚಿಟ್ಟೆಯನ್ನೂ ವಾಪಸ್ ತರಲಿಲ್ಲ. ನಮ್ಮ ಹಾರ್ಡ್ ಡಿಸ್ಕಿನ ವಾರಂಟಿಯೂ ಇಷ್ಟೇ. ಕೆಟ್ಟರೆ ಕಂಪನಿ ಹೊಸ ಡಿಸ್ಕ್ ಕೊಡಬಹುದು, ಅಜ್ಜಿಯ ವಿಡಿಯೋ ಕೊಡುವುದಿಲ್ಲ.

ಎರಡನೇ ಪ್ರಯಾಣ, ಬದಲಾದ ಪದ್ಧತಿ

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಕೈಮುಗಿಯುತ್ತಿದ್ದರೇನೋ. ವ್ಯಾಲೇಸ್ 1854ರಲ್ಲಿ ಮತ್ತೆ ಹೊರಟರು. ಈ ಬಾರಿ ಸಿಂಗಾಪುರಕ್ಕೆ, ಅಲ್ಲಿಂದ ಇಂದಿನ ಮಲೇಷ್ಯಾ ಮತ್ತು ಇಂಡೋನೇಷ್ಯಾದ ದ್ವೀಪಗಳಿಗೆ. ಎಂಟು ವರ್ಷ, ಸುಮಾರು 14,000 ಮೈಲಿ. ಸಂಗ್ರಹಿಸಿದ ಮಾದರಿಗಳು 1,25,660. ಅದರಲ್ಲಿ ಜೀರುಂಡೆ ಜಾತಿಯವೇ 83,200.

ಈ ಎಂಟು ವರ್ಷದ ಸಂಪತ್ತನ್ನು ಕೊನೆಗೆ ಒಂದೇ ಹಡಗಿಗೆ ತುಂಬಲಿಲ್ಲ. ಸಿದ್ಧವಾದಂತೆಲ್ಲ ಬೇರೆಬೇರೆ ಹಡಗುಗಳಲ್ಲಿ, ಬೇರೆಬೇರೆ ಕಾಲದಲ್ಲಿ ಲಂಡನ್ನಿಗೆ ಕಳಿಸುತ್ತಾ ಬಂದರು. ಯಾವ ಮಾದರಿ ಯಾವ ದ್ವೀಪದ್ದು ಎಂಬ ಚೀಟಿ ಅಂಟಿಸಿದರು. ಮಾರಾಟಕ್ಕೆ ಇರುವವು ಬೇರೆ, ತಮ್ಮ ಅಧ್ಯಯನಕ್ಕೆ ಬೇಕಾದವು ಬೇರೆ ಎಂದು ವಿಂಗಡಿಸಿದರು. ಒಂದು ಹಡಗು ಮುಳುಗಿದ್ದರೆ ಒಂದು ಕಂತು ಹೋಗುತ್ತಿತ್ತು, ಬದುಕಿಡೀ ದುಡಿದದ್ದು ಹೋಗುತ್ತಿರಲಿಲ್ಲ.

ಚೀಟಿ ಅಂಟಿಸಿದ ಆ ಶಿಸ್ತಿನಿಂದಲೇ ಇನ್ನೊಂದು ಶೋಧವೂ ಹುಟ್ಟಿತು. ಬಾಲಿ ಮತ್ತು ಲೊಂಬೊಕ್ ದ್ವೀಪಗಳು ಅಕ್ಕಪಕ್ಕದಲ್ಲಿದ್ದರೂ ಪ್ರಾಣಿಪಕ್ಷಿಗಳು ಬೇರೆಬೇರೆ ಎಂದು ವ್ಯಾಲೇಸ್ ಗುರುತಿಸಿದರು. ಏಷ್ಯಾದ ಜೀವಿಗಳನ್ನೂ ಆಸ್ಟ್ರೇಲಿಯಾ ಕಡೆಯ ಜೀವಿಗಳನ್ನೂ ಬೇರ್ಪಡಿಸುವ ಆ ಗೆರೆಗೆ ಇಂದು ವ್ಯಾಲೇಸ್ ರೇಖೆ ಎಂದೇ ಹೆಸರು.

ಮೂಲ ಕಾಗದ ಕಳೆದರೂ ಉಳಿದ ಸಿದ್ಧಾಂತ

1858ರ ಆರಂಭದಲ್ಲಿ ಜ್ವರದಲ್ಲಿ ಮಲಗಿದ್ದಾಗ ನೈಸರ್ಗಿಕ ಆಯ್ಕೆಯ ವಿಚಾರ ವ್ಯಾಲೇಸ್‌ಗೆ ಹೊಳೆಯಿತು. ಅದನ್ನು ಬರೆದು ಟೆರ್ನಾಟೆ ದ್ವೀಪದಿಂದ ಡಾರ್ವಿನ್‌ಗೆ ಅಂಚೆಯಲ್ಲಿ ಕಳಿಸಿದರು. ಅದೇ ವಿಚಾರದ ಮೇಲೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಡಾರ್ವಿನ್ ಅದನ್ನು ನೋಡಿ ಬೆಚ್ಚಿದರು. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಲಾಯಿತು.

ಇಲ್ಲೂ ಪ್ರತಿಗಳದ್ದೇ ಮಹತ್ವ. ಡಾರ್ವಿನ್ 1844ರಲ್ಲಿ ಬರೆದಿದ್ದ ಪ್ರಬಂಧವನ್ನು ಪ್ರತಿ ಮಾಡಿಸಿಟ್ಟಿದ್ದರು, ಅವರ ಗೆಳೆಯ ಹುಕರ್ ಅದನ್ನು ಓದಿದ್ದರು. 1857ರಲ್ಲಿ ಅಮೆರಿಕದ ಏಸಾ ಗ್ರೇ ಅವರಿಗೆ ಬರೆದ ಪತ್ರದ ಪ್ರತಿಯೂ ಅವರ ಬಳಿ ಇತ್ತು. ಡಾರ್ವಿನ್ ಮೊದಲೇ ಈ ದಿಕ್ಕಿನಲ್ಲಿದ್ದರು ಎನ್ನಲು ಅವೇ ಸಾಕ್ಷಿಯಾದವು. ಇನ್ನು ವ್ಯಾಲೇಸ್ ಟೆರ್ನಾಟೆಯಿಂದ ಕಳಿಸಿದ ಕೈಬರಹದ ಮೂಲ ಇಂದು ಎಲ್ಲೂ ಸಿಕ್ಕಿಲ್ಲ. ಆದರೆ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಗಿ ಹಲವು ಕಡೆ ಹಂಚಿಹೋದ ಕಾರಣ ಇಂದಿಗೂ ನಾವು ಅದನ್ನು ಓದಬಹುದು.

ವ್ಯಾಲೇಸ್ ಎಲ್ಲದರಲ್ಲೂ ಸರಿ ಇದ್ದರು ಎಂದಲ್ಲ. ಪ್ರೇತಾತ್ಮಗಳನ್ನು ನಂಬಿದರು, ಸಿಡುಬಿನ ಲಸಿಕೆಯನ್ನು ವಿರೋಧಿಸಿದರು. ಈ ಎರಡೂ ಕಡೆ ಅವರು ತಪ್ಪಿದ್ದರು. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಹೇಳಿದ್ದೆಲ್ಲ ನಿಜವಾಗುವುದಿಲ್ಲ ಎನ್ನುವುದೂ ಅವರ ಬದುಕಿನ ಪಾಠವೇ. 1913ರ ನವೆಂಬರ್ 7ರಂದು, ತೊಂಬತ್ತನೇ ವಯಸ್ಸಿನಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ನಮ್ಮ ಮನೆಯ ಹಡಗು

ಈಗ ಮತ್ತೆ ನಮ್ಮ ಕಂಪ್ಯೂಟರಿಗೆ ಬರೋಣ. ವಿಂಡೋಸ್ ಮತ್ತು ಅದರ ಪ್ರೋಗ್ರಾಮ್‌ಗಳು ಹಡಗು ಇದ್ದಂತೆ. ನಮ್ಮ ಫೋಟೋ, ಪತ್ರ, ಲೆಕ್ಕಪತ್ರ ಅದರಲ್ಲಿರುವ ಸಂಗ್ರಹ. ಹಡಗು ಹೋದರೆ ಇನ್ನೊಂದು ಸಿಗುತ್ತದೆ, ವಿಂಡೋಸನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಹಾಕಬಹುದು. ಸಂಗ್ರಹ ಹೋದರೆ ಹೋಯಿತು. ಹಾಗಾಗಿ ಎರಡನ್ನೂ ಬೇರೆ ಇಡುವುದು ಒಳ್ಳೆಯ ಅಭ್ಯಾಸ.

ತಪ್ಪು ತಿಳಿವಳಿಕೆ 1: ಡಿ ಡ್ರೈವ್‌ನಲ್ಲಿದ್ದರೆ ಸುರಕ್ಷಿತ.
ಅರ್ಧ ನಿಜ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಸಿ ಮಾತ್ರ ಫಾರ್ಮ್ಯಾಟ್ ಮಾಡಿದರೆ ಡಿ ಡ್ರೈವ್‌ನಲ್ಲಿ ಇಟ್ಟದ್ದು ಉಳಿಯುತ್ತದೆ. ಆದರೆ ಅನೇಕ ಕಂಪ್ಯೂಟರ್‌ಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು, ಒಂದೇ ಹಡಗಿನ ಎರಡು ಕೋಣೆಗಳಿದ್ದಂತೆ. ಡಿಸ್ಕ್ ಕೆಟ್ಟರೆ, ಲ್ಯಾಪ್‌ಟಾಪ್ ಕಳುವಾದರೆ, ಫೈಲ್‌ಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಎರಡೂ ಹೋಗುತ್ತವೆ.

ತಪ್ಪು ತಿಳಿವಳಿಕೆ 2: ಸಿಂಕ್ ಆನ್ ಇದೆ, ಅದೇ ಬ್ಯಾಕಪ್.
ಸಿಂಕ್ ಅಂದರೆ ಎರಡೂ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ಒಂದು ಕಡೆ ಗೊತ್ತಿಲ್ಲದೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯಬಹುದು. ಟ್ರ್ಯಾಶ್‌ನಲ್ಲಿ ಕೆಲವು ದಿನ ಸಿಗಬಹುದು, ಆಮೇಲೆ ಇಲ್ಲ. ಸಿಂಕ್ ಒಂದನ್ನೇ ನಂಬಬೇಡಿ.

ತಪ್ಪು ತಿಳಿವಳಿಕೆ 3: ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಸಾಗಿಸಿದರೆ ಮುಗಿಯಿತು.
ಕಟ್ ಮಾಡಿ ಪೇಸ್ಟ್ ಮಾಡಿದರೆ ಪ್ರತಿ ಒಂದೇ ಉಳಿಯುತ್ತದೆ, ಜಾಗ ಮಾತ್ರ ಬದಲಾಗುತ್ತದೆ. ಕಾಪಿ ಮಾಡಬೇಕು. ಕೆಲಸ ಮುಗಿದ ಮೇಲೆ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಇಡಬೇಕು. ಸದಾ ಸಿಕ್ಕಿಸಿಯೇ ಇದ್ದರೆ ವೈರಸ್ ಅದನ್ನೂ ಮುಟ್ಟಬಹುದು.

ಹಾಗಾದರೆ ಮಾಡಬೇಕಾದ್ದೇನು? ತಂತ್ರಜ್ಞರು ಹೇಳುವ 3-2-1 ಸೂತ್ರ ನೆನಪಿಡಿ. ಮುಖ್ಯ ಫೈಲ್‌ಗಳ 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಮನೆಯಿಂದ ಹೊರಗೆ. ಉದಾಹರಣೆಗೆ ಒಂದು ಕಂಪ್ಯೂಟರಿನಲ್ಲಿ, ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲಿ. ಕ್ಲೌಡ್ ಬೇಡವೆಂದರೆ ಇನ್ನೊಂದು ಡಿಸ್ಕನ್ನು ಬೇರೆ ಊರಿನ ಅಕ್ಕನ ಮನೆಯಲ್ಲಿ ಇಡಬಹುದು. ವ್ಯಾಲೇಸ್‌ಗೆ ಲಂಡನ್ ಇದ್ದಂತೆ ನಿಮಗೆ ಅಕ್ಕನ ಮನೆ.

ಫೋಲ್ಡರ್‌ಗಳಿಗೆ ವರ್ಷ ಮತ್ತು ವಿಷಯದ ಹೆಸರು ಕೊಡಿ, ಅದು ನಿಮ್ಮ ಚೀಟಿ. ಆಗಾಗ ಬ್ಯಾಕಪ್‌ನಿಂದ ಒಂದೆರಡು ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ವ್ಯಾಲೇಸ್ ಹಿಡಿದ ಚಿಟ್ಟೆಗೆ ಇನ್ನೊಂದು ಪ್ರತಿ ಮಾಡಲು ಸಾಧ್ಯವಿರಲಿಲ್ಲ. ನಮ್ಮ ಫೋಟೋಗೆ ಕ್ಷಣಾರ್ಧದಲ್ಲಿ, ಒಂದು ಚುಕ್ಕಿಯೂ ವ್ಯತ್ಯಾಸವಿಲ್ಲದಂತೆ ಮಾಡಬಹುದು. ಆದರೆ ಹಡಗು ಚೆನ್ನಾಗಿ ಸಾಗುತ್ತಿರುವಾಗಲೇ ಮಾಡಬೇಕು, ಹೊಗೆ ಕಂಡ ಮೇಲೆ ಅಲ್ಲ. ಈ ಬರಹವನ್ನು ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡುವ ಮುನ್ನ ಒಂದು ಕೆಲಸ ಮಾಡಿ. ಕಳೆದುಹೋದರೆ ನಿಮಗೆ ಅತಿ ಹೆಚ್ಚು ನೋವಾಗುವ ಫೋಲ್ಡರ್ ಯಾವುದು ಎಂದು ಯೋಚಿಸಿ, ಅದೊಂದನ್ನಾದರೂ ಇವತ್ತೇ ಬೇರೆ ಕಡೆ ಕಾಪಿ ಮಾಡಿಡಿ.